ಇಂಗ್ಲೆಂಡಿನ ಬಡವರೂ ಲಿಬರಲ್ ಸರ್ಕಾರವೂ

ಕಾಲೇಜಿನಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನು ಪಾಠ ಹೇಳುವ ನಾವು ವಿದ್ಯಾರ್ಥಿಗಳ ಮುಂದೆ ವರ್ಷವರ್ಷವೂ ಇಡುವ ಪ್ರಶ್ನೆಯೊಂದುಂಟು: 1906ರಿಂದ 1914ರವರೆಗೆ ಲಿಬರಲ್ ಪಕ್ಷದ ಸರ್ಕಾರವು ಬಡವರಿಗಾಗಿ ಮಾಡಿದ ಶಾಸನಗಳು ಎಷ್ಟರಮಟ್ಟಿಗೆ ಫಲಿಸಿದವು? ಬರುವ ಉತ್ತರಗಳು ಸಾಮಾನ್ಯವಾಗಿ ಎರಡು ಬಗೆ. ಶಾಸನಗಳ ಹೆಸರುಗಳನ್ನು ವರ್ಷವಾರು ಪೋಣಿಸಿ, ಕೊನೆಯಲ್ಲಿ ‘ಆದಕಾರಣ ಅತ್ಯಂತ ಯಶಸ್ವಿ’ ಎಂದು ಗೆರೆ ಎಳೆಯುವವರು ಕೆಲವರು. ಕೊಟ್ಟ ಹಣ ಅತ್ಯಲ್ಪವೆಂದೂ ಇದೆಲ್ಲ ಮತದಾರರ ಕಣ್ಣೊರೆಸುವ ಉಪಾಯವೆಂದೂ ತಳ್ಳಿಹಾಕುವವರು ಕೆಲವರು. ಇಬ್ಬರಿಗೂ ನಾವು ಅಂಕ ಕೊಡುತ್ತೇವೆ. ಆದರೆ ಇಬ್ಬರ ಉತ್ತರವೂ ನಮಗೆ ತೃಪ್ತಿ ಕೊಟ್ಟಿಲ್ಲ. ಔಷಧ ಫಲಿಸಿತೆ ಎಂದು ಕೇಳುವವನು ರೋಗಿಗೆ ಎಲ್ಲಿ ನೋವಿತ್ತೆಂಬುದನ್ನು ಮೊದಲು ವಿಚಾರಿಸಬೇಕಷ್ಟೆ.

ಎಲ್ಲಿ ನೋವಿತ್ತೆಂಬುದು ಇಂಗ್ಲೆಂಡಿನಲ್ಲಿ ಊಹೆಯ ಮಾತಾಗಿ ಉಳಿದಿರಲಿಲ್ಲ. ಚಾರ್ಲ್ಸ್ ಬೂತ್ ಎಂಬ ವರ್ತಕನು 1889ರಿಂದ 1903ರವರೆಗೆ ಸಂಪುಟದ ಮೇಲೆ ಸಂಪುಟವಾಗಿ ಲಂಡನ್ ನಗರದ ಜೀವನವನ್ನು ವರ್ಣಿಸಿ, ಆ ಮಹಾನಗರದ ಜನರಲ್ಲಿ ಶೇಕಡ 30ರಷ್ಟು ಮಂದಿ ದಾರಿದ್ರ್ಯದಲ್ಲಿದ್ದಾರೆಂದು ತೋರಿಸಿದನು. ಅದು ಲಂಡನ್ನಿನ ವಿಶೇಷವಿರಬಹುದೆಂದು ಸಮಾಧಾನ ಹೇಳಿಕೊಳ್ಳುವವರಿಗೆ ಸೀಬೋಮ್ ರೌಂಟ್ರಿ ಆ ಅವಕಾಶವನ್ನೂ ಬಿಡಲಿಲ್ಲ. ಈತ ಯಾರ್ಕ್ ಪಟ್ಟಣದ ಚಾಕೊಲೇಟ್ ತಯಾರಕರ ಮನೆತನದವನು. 1899ರಲ್ಲಿ ಆ ಪಟ್ಟಣದ ಕೂಲಿಕಾರರ ಮನೆಮನೆಯನ್ನೂ ವಿಚಾರಿಸಿ, 1901ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಲ್ಲಿಯೂ ಶೇಕಡ 28ರಷ್ಟು ಜನ ಬಡತನದಲ್ಲಿರುವರೆಂದು ಸ್ಥಾಪಿಸಿದನು.

ರೌಂಟ್ರಿಯ ಲೆಕ್ಕ ಬಹಳ ಬಿಗಿಯಾದುದು. ತಂದೆ, ತಾಯಿ, ಮೂವರು ಮಕ್ಕಳಿರುವ ಸಂಸಾರಕ್ಕೆ ವಾರಕ್ಕೆ 21 ಷಿಲ್ಲಿಂಗು 8 ಪೆನ್ನಿ ಬೇಕೆಂದು ಅವನು ಗೊತ್ತುಮಾಡಿದನು. ಆ ಕಾಲದ ವಿನಿಮಯದಂತೆ ಒಂದು ರೂಪಾಯಿಗೆ 16 ಪೆನ್ನಿ. ಅಂದರೆ ನಮ್ಮ ಒಂದಾಣೆಗೆ ಅವರ ಒಂದು ಪೆನ್ನಿ ಸಮ. ಈ ಸಂಸಾರಕ್ಕೆ ವಾರಕ್ಕೆ ಹದಿನಾರೂಕಾಲು ರೂಪಾಯಿ ಆಯಿತು. ಸುಖವಾಗಿದೆಯಲ್ಲ ಎನ್ನಬಾರದು, ಅಲ್ಲಿಯ ಬಾಡಿಗೆಯೂ ಚಳಿಯೂ ಬೇರೆ. ಈ ಹಣದಲ್ಲಿ ಮಾಂಸದಂಗಡಿಗೆ ಹೋಗುವ ಮಾತಿಲ್ಲ. ವೃತ್ತಪತ್ರಿಕೆಗೆ ಕಾಸಿಲ್ಲ, ದೂರದಲ್ಲಿರುವ ಮಗನಿಗೆ ಕಾಗದ ಬರೆದರೆ ಅಂಚೆಗೆ ಕಾಸಿಲ್ಲ, ಗಂಡಸಿಗೆ ಹೊಗೆಸೊಪ್ಪಿಲ್ಲ. ಇಷ್ಟು ಬಿಗಿಹಿಡಿದು ಬದುಕಿದರೂ ದೇಹಕ್ಕೆ ಬೇಕಾದಷ್ಟು ದೊರೆಯದವರನ್ನು ರೌಂಟ್ರಿ ಬೇರೆಯಾಗಿ ಎಣಿಸಿದನು. ಯಾರ್ಕಿನಲ್ಲಿ ಅಂಥವರು 7,230 ಮಂದಿ. ಅವರ ಬಡತನಕ್ಕೆ ಕಾರಣವೇನೆಂಬುದನ್ನೂ ಅವನು ವಿಂಗಡಿಸಿಟ್ಟಿದ್ದಾನೆ. ಆ ಪಟ್ಟಿಯನ್ನು ನಾವು ಸದ್ಯಕ್ಕೆ ಮಡಿಸಿಡೋಣ. ಕಡೆಯಲ್ಲಿ ಅದು ನಮಗೆ ಬೇಕಾಗುತ್ತದೆ.

ದಿಕ್ಕಿಲ್ಲದವರಿಗೆ ಅಲ್ಲಿಯವರೆಗೆ ಸರ್ಕಾರ ತೋರಿಸುತ್ತಿದ್ದ ಬಾಗಿಲು ಯಾವುದು? 1834ರ ಬಡವರ ಕಾನೂನು ಕಟ್ಟಿದ ವರ್ಕ್‌ಹೌಸು. ಬೇಡುವವನ ಸ್ಥಿತಿ, ಹೊರಗೆ ದುಡಿಯುವ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತ ಕೀಳಾಗಿಯೇ ಇರತಕ್ಕದ್ದು ಎಂಬುದು ಅದರ ಮೂಲಸೂತ್ರ. ಒಳಗೆ ಹೋದವರು ಸಮವಸ್ತ್ರ ಧರಿಸಬೇಕು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಮನೆಯಲ್ಲಿದ್ದುಕೊಂಡೇ ಒಂದಿಷ್ಟು ಸಹಾಯ ಪಡೆಯುವ ಪದ್ಧತಿಯೂ ಉಳಿದಿತ್ತು. ಆದರೆ ಹಾಗೆ ಪಡೆದವನು ತನ್ನ ಮತವನ್ನು ಕಳೆದುಕೊಳ್ಳುತ್ತಿದ್ದನು. ಕೈ ಚಾಚಿದ ಕ್ಷಣದಲ್ಲಿ ಅವನು ಪ್ರಜೆಯ ಪಂಕ್ತಿಯಿಂದ ಎದ್ದುಹೋಗಬೇಕು. ಹಸಿವಿಗಿಂತ ಈ ಅವಮಾನಕ್ಕೆ ಹೆದರಿ, ವೈದ್ಯನ ಮುಖವನ್ನೂ ಕಾಣದೆ ಸತ್ತವರೆಷ್ಟೋ.

ಇದನ್ನು ಬದಲಾಯಿಸಲು ಹೊರಟವರೆಲ್ಲರೂ ಕರುಣೆಯಿಂದ ಹೊರಟರೆಂದು ಹೇಳಲಾರೆವು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಅನೇಕರು ಬಂದೂಕು ಹೊರಲೂ ಶಕ್ತರಲ್ಲವೆಂದು ವೈದ್ಯರು ಹಿಂದಕ್ಕೆ ಕಳುಹಿಸಿದರು. ಮ್ಯಾಂಚೆಸ್ಟರಿನಲ್ಲಿ ಬಂದವರ ಬಹುಪಾಲು ಹೀಗೆ ತಿರಸ್ಕೃತರಾದರು. ಚಕ್ರಾಧಿಪತ್ಯದ ಚಿಂತೆ ಬಡವನ ಮಗುವಿನ ಊಟದ ತಟ್ಟೆಯವರೆಗೆ ಬಂದುದು ಹೀಗೆ. ಪಾರ್ಲಿಮೆಂಟಿನಲ್ಲಿ ಹೊಸದಾಗಿ ಬಂದು ಕುಳಿತಿದ್ದ ಲೇಬರ್ ಪಕ್ಷದ ಭಯವೂ, ರೋಗ, ಅಪಘಾತ, ಮುಪ್ಪುಗಳಿಗೆ 1883ರಿಂದ 1889ರೊಳಗೆ ವಿಮೆ ಏರ್ಪಡಿಸಿದ್ದ ಬಿಸ್ಮಾರ್ಕನ ಜರ್ಮನಿಯ ಮೇಲಿನ ಸ್ಪರ್ಧೆಯೂ ಇದರೊಡನೆ ಸೇರಿದವು. ಒಳ್ಳೆಯ ಕೆಲಸಕ್ಕೆ ಬೆರಕೆಯ ಉದ್ದೇಶ ಸಾಮಾನ್ಯವೇ. ಅದಕ್ಕಾಗಿ ಆ ಕೆಲಸವನ್ನು ಹೀನಯಿಸಬೇಕಾಗಿಲ್ಲ.

ಮೊದಲು ಬಂದುದು ಮಕ್ಕಳ ಊಟ. 1906ರ ಶಾಸನವು ಹಸಿದ ಶಾಲಾಮಕ್ಕಳಿಗೆ ಊಟ ಹಾಕಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಿತು; ಹಾಕಲೇಬೇಕೆಂದು ವಿಧಿಸಲಿಲ್ಲ. ಬ್ರಾಡ್‌ಫರ್ಡ್ ಪಟ್ಟಣದವರು ಮುಂದಾಗಿ ಮಾಡಿದರು. ಮಾಡಿದ್ದಲ್ಲದೆ 1907ರಲ್ಲಿ ಮಕ್ಕಳನ್ನು ತಕ್ಕಡಿಯಲ್ಲಿ ನಿಲ್ಲಿಸಿ ತೂಗಿಯೂ ನೋಡಿದರು. ಶಾಲೆಯಲ್ಲಿ ಊಟ ನಡೆದ ವಾರಗಳಲ್ಲಿ ತೂಕ ಏರಿತು. ಹಬ್ಬದ ರಜೆಯಲ್ಲಿ ಊಟ ನಿಂತಿತು, ತೂಕ ಇಳಿಯಿತು. ಹಬ್ಬದ ದಿನಗಳಲ್ಲಿ ಮಗು ಸೊರಗುವ ಮನೆಗಳ ವಿಷಯವಾಗಿ ಇದಕ್ಕಿಂತ ಹೆಚ್ಚು ಹೇಳುವ ವರದಿಯನ್ನು ನಾವು ಓದಿಲ್ಲ. ಆದರೂ 1912ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು ಈ ಕೆಲಸಕ್ಕೆ ಕೈಹಾಕಿರಲೇ ಇಲ್ಲ. 1914ರಲ್ಲಿ ಶಾಸನವನ್ನು ಬಿಗಿಮಾಡಿ, ರಜಾದಿನಗಳಲ್ಲಿಯೂ ಊಟ ಹಾಕಲು ಅವಕಾಶ ಕೊಡಬೇಕಾಯಿತು. 1907ರಲ್ಲಿ ಬಂದ ವೈದ್ಯಪರೀಕ್ಷೆಯ ಕಥೆಯೂ ಇಂಥದೇ. ಮಗುವಿನ ಕಣ್ಣು ಮಂದವೆಂದು ವೈದ್ಯನು ಬರೆದುಕೊಟ್ಟರೆ ಕನ್ನಡಕಕ್ಕೆ ತಂದೆಯೇ ದಾರಿ ನೋಡಬೇಕಾಗಿತ್ತು. ಚಿಕಿತ್ಸೆಗೆ ಸರ್ಕಾರದ ಹಣ ಬಂದುದು 1912ರಲ್ಲಿ. ಇಲ್ಲಿ ಒಂದು ಅಂಶವನ್ನು ಮಾತ್ರ ಗಮನಿಸಬೇಕು. ಮಗುವಿನ ಊಟದ ಹಣವನ್ನು ಕೊಡಲಾರದ ತಂದೆಯು ಆ ಕಾರಣದಿಂದ ಮತವನ್ನು ಕಳೆದುಕೊಳ್ಳತಕ್ಕದ್ದಲ್ಲ ಎಂದು ಶಾಸನದಲ್ಲಿಯೇ ಬರೆದಿತ್ತು. 1834ರ ಗೋಡೆಯಲ್ಲಿ ಮೊದಲ ಬಿರುಕು ಕಾಣಿಸಿದ್ದು ಈ ಸಣ್ಣ ವಾಕ್ಯದಲ್ಲಿ.

ಆ ಬಿರುಕು ಬಾಗಿಲಾದದ್ದು ವೃದ್ಧಾಪ್ಯವೇತನದಿಂದ. ಕರಡನ್ನು ಸಿದ್ಧಪಡಿಸಿದವನು ಆಸ್ಕ್ವಿತ್, 1908ರಲ್ಲಿ ಸಭೆಯಲ್ಲಿ ನಡೆಸಿಕೊಟ್ಟು ಕೀರ್ತಿ ಪಡೆದವನು ಲಾಯ್ಡ್ ಜಾರ್ಜ್. ಎಪ್ಪತ್ತು ವರ್ಷ ತುಂಬಿ, ವರ್ಷಕ್ಕೆ 21 ಪೌಂಡಿಗೆ ಮೀರದ ವರಮಾನವುಳ್ಳವರಿಗೆ ವಾರಕ್ಕೆ 5 ಷಿಲ್ಲಿಂಗು, ಅಂದರೆ ಮೂರು ರೂಪಾಯಿ ಹನ್ನೆರಡಾಣೆ. ವರಮಾನ ಏರಿದಂತೆಲ್ಲ ವೇತನ ಇಳಿದು, 31 ಪೌಂಡು 10 ಷಿಲ್ಲಿಂಗಿಗೆ ಮುಗಿಯುತ್ತಿತ್ತು. ಆಕ್ಷೇಪಿಸುವವರಿಗೆ ಇದರಲ್ಲಿ ಸಾಮಗ್ರಿ ಸಾಕಷ್ಟಿದೆ. ಒಂಟಿ ಜೀವಕ್ಕೆ ವಾರಕ್ಕೆ 7 ಷಿಲ್ಲಿಂಗು ಬೇಕೆಂಬುದು ರೌಂಟ್ರಿಯ ಲೆಕ್ಕ. ಎಪ್ಪತ್ತು ವರ್ಷವೆಂದರೆ ಬಡ ಕೂಲಿಕಾರನು ಸಾಧಾರಣವಾಗಿ ಮುಟ್ಟುವ ವಯಸ್ಸಲ್ಲ. ಸೆರೆಮನೆ ಕಂಡವರಿಗೆ, ಶಕ್ತಿಯಿದ್ದೂ ದುಡಿಯದೆ ಅಲೆದವರಿಗೆ, ಆ ವರ್ಷ ಬಡವರ ಕಾನೂನಿನ ನೆರವು ಪಡೆದವರಿಗೆ ವೇತನವಿಲ್ಲ. ಈ ಕಡೆಯ ನಿರ್ಬಂಧವು 1911ರ ಆರಂಭದಲ್ಲಿ ಹೋಯಿತು. ಎಲ್ಲಕ್ಕಿಂತ ಬಡವರನ್ನೇ ಎರಡು ವರ್ಷ ಹೊರಗೆ ನಿಲ್ಲಿಸಿದ ಈ ನಿಯಮವನ್ನು ಸಮರ್ಥಿಸುವುದು ನಮ್ಮಿಂದಾಗದು.

ಆದರೆ 1909ರ ಜನವರಿ 1ರಂದು ನಡೆದುದೇನು? ಐದು ಲಕ್ಷದಷ್ಟು ವೃದ್ಧರು ಅಂಚೆಕಚೇರಿಗೆ ಹೋದರು. ಅಂಚೆಕಚೇರಿ ಎಂಬ ಈ ಮಾತು ಮುಖ್ಯ. ಬಡವರ ಕಾನೂನಿನ ಅಧಿಕಾರಿಯ ಮುಂದೆ ತಲೆತಗ್ಗಿಸಿ ನಿಂತು ಸಂಸಾರದ ಕಥೆ ಹೇಳಿಕೊಳ್ಳಬೇಕಾಗಿರಲಿಲ್ಲ. ಕಾಗದ ಹಾಕುವವರು, ಹಣ ಕಳುಹಿಸುವವರು ನಿಂತ ಸಾಲಿನಲ್ಲಿಯೇ ನಿಂತು, ಕೈಯಲ್ಲಿದ್ದ ಚೀಟಿಯನ್ನು ಹರಿದುಕೊಟ್ಟರೆ ಹಣ ಬರುತ್ತಿತ್ತು. ಇದನ್ನು ಪಡೆದವನ ಮತಕ್ಕೆ ಬಾಧಕವಿಲ್ಲವೆಂದೂ ಶಾಸನ ಹೇಳಿತ್ತು. ಹಳ್ಳಿಯ ಅಂಚೆಕಚೇರಿಗಳಲ್ಲಿ ಕೆಲಸಮಾಡಿದ್ದ ಫ್ಲೋರಾ ಥಾಂಪ್ಸನ್ ಎಂಬ ಲೇಖಕಿಯು ತನ್ನ ಸ್ಮರಣೆಗಳಲ್ಲಿ, ಮೊದಮೊದಲು ಕೆಲವು ಮುದುಕರು ಕಣ್ಣೀರು ಸುರಿಸಿದರೆಂದೂ, ಹಣ ಎಣಿಸಿಕೊಟ್ಟ ಹುಡುಗಿಗೆ ತಮ್ಮ ಹಿತ್ತಲಿನ ಹೂವನ್ನೂ ಸೇಬನ್ನೂ ತಂದುಕೊಟ್ಟರೆಂದೂ ಬರೆದಿದ್ದಾಳೆ. ಇಷ್ಟು ದೊಡ್ಡ ದಾನ ಮಾಡಿದವನು ಪ್ರಭುವೇ ಇರಬೇಕೆಂದು ಭಾವಿಸಿ, ಅವರು ಲಾಯ್ಡ್ ಜಾರ್ಜನನ್ನು ಲಾರ್ಡ್ ಜಾರ್ಜನೆಂದೇ ಕರೆದರಂತೆ. ವೆಲ್ಷ್ ಹಳ್ಳಿಯಲ್ಲಿ ಚಮ್ಮಾರನಾದ ಸೋದರಮಾವನ ಆಶ್ರಯದಲ್ಲಿ ಬೆಳೆದ ಆತನಿಗೆ ಇದಕ್ಕಿಂತ ವಿನೋದದ ಬಿರುದು ದೊರೆತಿರಲಾರದು.

ಐರ್ಲೆಂಡಿನಲ್ಲಿ ಬೇರೊಂದು ತೊಡಕು. ಅಲ್ಲಿ ಎಲ್ಲರ ಜನನವನ್ನೂ ಸರ್ಕಾರ ದಾಖಲೆ ಮಾಡಲು ಪ್ರಾರಂಭಿಸಿದ್ದೇ 1864ರಲ್ಲಿ. ಎಪ್ಪತ್ತು ವರ್ಷದ ಮುದುಕಿ ತನಗೆ ಎಪ್ಪತ್ತೆಂದು ತೋರಿಸುವುದು ಹೇಗೆ? 1839ರ ಜನವರಿ 6ರ ರಾತ್ರಿ ಆ ದ್ವೀಪದ ಮೇಲೆ ಬೀಸಿದ ಮಹಾಬಿರುಗಾಳಿ ಈ ಕೆಲಸಕ್ಕೆ ಒದಗಿತು. ಆ ರಾತ್ರಿ ನೆನಪಿದೆಯೆಂದು ಹೇಳಿದವರ ಸಂಖ್ಯೆ ಅಧಿಕಾರಿಗಳನ್ನು ಬೆರಗುಗೊಳಿಸಿತು. ನಮ್ಮ ಸೀಮೆಯಲ್ಲಿಯೂ ಹಿಂದಿನವರು ಧಾತು ಈಶ್ವರ ಸಂವತ್ಸರಗಳ ಬರದಿಂದ ವಯಸ್ಸನ್ನು ಎಣಿಸುತ್ತಿದ್ದರಲ್ಲವೆ? ಬರವೋ ಬಿರುಗಾಳಿಯೋ, ಬಡವರ ಜಾತಕವನ್ನು ಬರೆದಿಡುವುದು ಆಪತ್ತೇ ಎಂದು ತೋರುತ್ತದೆ.

1914ರ ವೇಳೆಗೆ ಈ ವೇತನ ಪಡೆಯುವವರು ಹತ್ತು ಲಕ್ಷಕ್ಕೆ ಸಮೀಪಿಸಿದ್ದರು; ಅವರಲ್ಲಿ ಹೆಚ್ಚಿನವರು ಹೆಂಗಸರು. ಬಡವರ ಕಾನೂನಿನಿಂದ ಮನೆಯಲ್ಲಿದ್ದು ನೆರವು ಪಡೆಯುತ್ತಿದ್ದ ಎಪ್ಪತ್ತು ಮೀರಿದವರ ಪಟ್ಟಿ ಎರಡು ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ಬರಿದಾಯಿತು. ವರ್ಕ್‌ಹೌಸಿನೊಳಗಿದ್ದ ವೃದ್ಧರ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಐದು ಷಿಲ್ಲಿಂಗು ದೊರೆತರೂ ನೋಡಿಕೊಳ್ಳುವವರಿಲ್ಲದ, ಹಾಸಿಗೆ ಹಿಡಿದ ಜೀವಗಳು ಅವು. ಹಣದಿಂದ ತೀರುವ ಕಷ್ಟ ಯಾವುದು, ತೀರದ ಕಷ್ಟ ಯಾವುದು ಎಂಬುದನ್ನು ಈ ಎರಡು ಪಟ್ಟಿಗಳು ಬೇರ್ಪಡಿಸಿ ತೋರಿಸಿದವು.

ಇದಕ್ಕೆಲ್ಲ ಹಣವೆಲ್ಲಿಂದ ಬಂತೆಂಬ ಕಥೆ ಪ್ರಸಿದ್ಧವಾದುದರಿಂದ ಬೇಗ ಮುಗಿಸುತ್ತೇವೆ. 1909ರ ಆಯವ್ಯಯದಲ್ಲಿ ಲಾಯ್ಡ್ ಜಾರ್ಜನು ದೊಡ್ಡ ವರಮಾನದ ಮೇಲೂ ಭೂಮಿಯ ಬೆಲೆಯ ಏರಿಕೆಯ ಮೇಲೂ ತೆರಿಗೆ ಹಾಕಿದನು. ಪ್ರಭುಗಳ ಸಭೆ ಅದನ್ನು ತಿರಸ್ಕರಿಸಿತು. 1910ರಲ್ಲಿ ಎರಡು ಸಾರ್ವತ್ರಿಕ ಚುನಾವಣೆಗಳಾದವು. 1911ರ ಶಾಸನದಿಂದ ಪ್ರಭುಗಳ ಕೈ ಕಟ್ಟಿಹಾಕಲಾಯಿತು.

ಅದೇ 1911ರಲ್ಲಿ ಬಂದ ರಾಷ್ಟ್ರೀಯ ವಿಮಾ ಶಾಸನದ ಮುಂದೆ ನಾವು ಸ್ವಲ್ಪ ನಿಲ್ಲಬೇಕು. ವೃದ್ಧಾಪ್ಯವೇತನದಂತೆ ಇದು ಬೊಕ್ಕಸದ ಹಣದಿಂದ ಮಾತ್ರ ನಡೆಯತಕ್ಕದ್ದಲ್ಲ. ಕೂಲಿಕಾರನು ವಾರಕ್ಕೆ 4 ಪೆನ್ನಿ ಕೊಡಬೇಕು, ಯಜಮಾನನು 3, ಸರ್ಕಾರ 2. ನಾಲ್ಕಾಣೆ ಕೊಟ್ಟು ಒಂಬತ್ತಾಣೆಯ ಫಲ ಪಡೆಯಿರಿ ಎಂದು ಲಾಯ್ಡ್ ಜಾರ್ಜನು ಸಾರಿದನು. ಕಾರ್ಡಿನ ಮೇಲೆ ಸ್ಟಾಂಪು ಅಂಟಿಸುವುದು ಕ್ರಮ. ತಮ್ಮ ಸೇವಕರಿಗಾಗಿ ಸ್ಟಾಂಪು ನೆಕ್ಕಲಾರೆವೆಂದು ಶ್ರೀಮಂತ ಮಹಿಳೆಯರು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸಭೆ ಸೇರಿದರು. ವೈದ್ಯರು ತಮ್ಮ ಸ್ವಾತಂತ್ರ್ಯ ಹೋಯಿತೆಂದು ಕೂಗಿದರು. 1913ರ ಜನವರಿಯಿಂದ, ಕಾಯಿಲೆ ಬಿದ್ದ ಕೂಲಿಕಾರನಿಗೆ ವಾರಕ್ಕೆ 10 ಷಿಲ್ಲಿಂಗು, ಹೆಂಗಸಾದರೆ ಏಳೂವರೆ, ನೋಡಲು ವೈದ್ಯ, ಕ್ಷಯವಾದರೆ ಆರೋಗ್ಯಧಾಮ, ಹೆರಿಗೆಗೆ 30 ಷಿಲ್ಲಿಂಗು ದೊರೆಯತೊಡಗಿತು. ಒಂದು ಕೋಟಿಗೂ ಮಿಕ್ಕ ದುಡಿಮೆಗಾರರಿಗೆ, ಅನೇಕರಿಗೆ ಜನ್ಮದಲ್ಲಿ ಮೊದಲ ಸಲ, ತಮ್ಮದೆಂದು ಹೇಳಿಕೊಳ್ಳುವ ವೈದ್ಯನೊಬ್ಬ ದೊರೆತನು. ಭಿಕ್ಷೆಯಾಗಿ ದೊರೆತುದಲ್ಲ, ಚಂದಾ ಕೊಟ್ಟವನ ಹಕ್ಕಾಗಿ ದೊರೆತುದು.

ಆದರೆ ಆ ನಾಲ್ಕು ಪೆನ್ನಿ ಎಲ್ಲಿಂದ ಬಂತು? ಇದನ್ನು ತಿಳಿಯಬೇಕಾದರೆ ಮಾಡ್ ಪೆಂಬರ್ ರೀವ್ಸ್ ಎಂಬ ಮಹಿಳೆ 1913ರಲ್ಲಿ ಪ್ರಕಟಿಸಿದ ಪುಸ್ತಕವನ್ನು ನೋಡಬೇಕು. ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ವಾರಕ್ಕೆ ಒಂದು ಪೌಂಡಿನ ಆಸುಪಾಸಿನಲ್ಲಿ ಸಂಸಾರ ನಡೆಸುತ್ತಿದ್ದ ತಾಯಂದಿರ ಲೆಕ್ಕಪುಸ್ತಕಗಳನ್ನು ಆಕೆಯೂ ಆಕೆಯ ಗೆಳತಿಯರೂ ವರ್ಷಗಟ್ಟಲೆ ಸಂಗ್ರಹಿಸಿದರು. ಇವರು ಕುಡುಕರಲ್ಲ, ಸೋಮಾರಿಗಳಲ್ಲ. ಗಂಡಂದಿರು ದಿನವೂ ಕೆಲಸಕ್ಕೆ ಹೋಗುವವರು. ಬಾಡಿಗೆ ಮೊದಲು, ಅದನ್ನು ತಪ್ಪಿಸುವಂತಿಲ್ಲ. ದುಡಿಯುವ ಗಂಡಸಿನ ಊಟ ಆಮೇಲೆ, ಅದನ್ನೂ ತಪ್ಪಿಸುವಂತಿಲ್ಲ. ಉಳಿದುದರಲ್ಲಿ ಮಕ್ಕಳು; ಎಲ್ಲರೂ ಉಂಡಮೇಲೆ ತಾಯಿ. ಈ ಲೆಕ್ಕದಲ್ಲಿ ನಮ್ಮನ್ನು ಹೆಚ್ಚಾಗಿ ಕಾಡಿದ ಬಾಬು ಯಾವುದೆಂದರೆ, ಮಗುವೊಂದಕ್ಕೆ ವಾರಕ್ಕೆ ಒಂದು ಪೆನ್ನಿಯಂತೆ ಕಟ್ಟುತ್ತಿದ್ದ ಶವಸಂಸ್ಕಾರದ ವಿಮೆ. ಮಗು ಸತ್ತರೆ ಪೌರಸಭೆಯ ಖರ್ಚಿನಲ್ಲಿ ಅನಾಥನಂತೆ ಹೂಳುವ ಅವಮಾನವನ್ನು ತಪ್ಪಿಸುವುದಕ್ಕಾಗಿ, ಬದುಕಿರುವ ಮಗುವಿನ ಹಾಲಿನಿಂದ ಆ ಪೆನ್ನಿಯನ್ನು ಕಡಿದು ತೆಗೆಯಬೇಕಾಗಿತ್ತು. ಇಂಥ ಮನೆಯಲ್ಲಿ ಸರ್ಕಾರವು ನಾಲ್ಕು ಪೆನ್ನಿಯನ್ನು ಗಂಡನ ಸಂಬಳದಿಂದ ಹಿಡಿದುಕೊಂಡರೆ, ಅದು ಬಾಡಿಗೆಯಿಂದ ಬರಲಾರದು. ತಾಯಿಯ ತಟ್ಟೆಯಿಂದಲೇ ಬರಬೇಕು. ಅಷ್ಟಾಗಿ, ಆ ವಿಮೆಯ ವೈದ್ಯನು ಆಕೆಯ ಗಂಡನಿಗೆ ಮಾತ್ರ. ಹೊರಗೆ ಕೂಲಿ ಮಾಡದ ಹೆಂಡತಿಗೂ ಮಕ್ಕಳಿಗೂ ಕಾಯಿಲೆಯಾದರೆ ಶಾಸನಕ್ಕೆ ಅದು ಸಂಬಂಧವಿಲ್ಲದ ವಿಚಾರ. ಆಕೆಗೆ ಬಂದುದೆಂದರೆ ಹೆರಿಗೆಯ 30 ಷಿಲ್ಲಿಂಗು ಒಂದೇ. ಅದೂ ಮೊದಲು ಗಂಡನ ಕೈಗೆ. ದುಡಿಯುವ ವರ್ಗದ ಹೆಂಗಸರ ಸಹಕಾರ ಸಂಘದವರು ಹೋರಾಡಿ, 1913ರ ತಿದ್ದುಪಡಿಯಿಂದ ಅದನ್ನು ತಾಯಿಯ ಸ್ವತ್ತನ್ನಾಗಿ ಮಾಡಿಸಿದರು. ನಮ್ಮ ದೇಶದ 1948ರ ಕಾರ್ಮಿಕರ ರಾಜ್ಯ ವಿಮಾ ಶಾಸನವೂ ಚಿಕಿತ್ಸೆಯನ್ನು ದುಡಿಯುವವನಿಗೆ ಕೊಡುವುದರಿಂದಲೇ ಮೊದಲಾಗಿ, 1958ರಿಂದ ಅವನ ಕುಟುಂಬಕ್ಕೆ ವಿಸ್ತರಿಸಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ವಿಧವೆಯರಿಗೂ ವೇತನ ಕೊಡಬೇಕೆಂಬುದು ಲಾಯ್ಡ್ ಜಾರ್ಜನ ಮೊದಲ ಯೋಜನೆಯಲ್ಲಿದ್ದಿತು. ವಾರವಾರ ಬಾಗಿಲಿಗೆ ಬಂದು ಆ ಶವಸಂಸ್ಕಾರದ ಪೆನ್ನಿಗಳನ್ನು ಎತ್ತುತ್ತಿದ್ದ ವಿಮಾ ಕಂಪೆನಿಗಳಿಗೆ ಇದು ಹಿಡಿಸಲಿಲ್ಲ. ಅವುಗಳ ಒತ್ತಾಯಕ್ಕೆ ಮಣಿದು ವಿಧವೆಯರನ್ನು ಕೈಬಿಡಲಾಯಿತು. ಅಷ್ಟೇ ಅಲ್ಲ, ಹೊಸ ವಿಮೆಯನ್ನು ನಡೆಸುವ ಅಂಗೀಕೃತ ಸಂಘಗಳಾಗಿ ಆ ಕಂಪೆನಿಗಳೂ ಒಳಗೆ ಬಂದವು.

ನಿರುದ್ಯೋಗದ ವಿಮೆ ಇನ್ನೂ ಕಿರಿದು. ಹಡಗು ಕಟ್ಟುವುದು, ಮನೆ ಕಟ್ಟುವುದು, ಯಂತ್ರ ಮಾಡುವುದು ಮುಂತಾದ ಏಳು ಕಸುಬುಗಳ ಇಪ್ಪತ್ತೆರಡೂವರೆ ಲಕ್ಷ ಜನಕ್ಕೆ ಮಾತ್ರ, ವಾರಕ್ಕೆ 7 ಷಿಲ್ಲಿಂಗಿನಂತೆ ವರ್ಷದಲ್ಲಿ ಹದಿನೈದು ವಾರ. ಚರ್ಚಿಲ್ ಮತ್ತು ಬೆವರಿಜ್ ಸೇರಿ 1910ರ ಫೆಬ್ರವರಿಯಲ್ಲಿ ತೆರೆದ ಉದ್ಯೋಗ ವಿನಿಮಯ ಕಚೇರಿಗಳು ಕೆಲಸ ಹುಡುಕಿಕೊಂಡು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯುವ ಕಾಲ್ನಡಿಗೆಯನ್ನು ಕಡಿಮೆ ಮಾಡಿದವು. ಇಲ್ಲದ ಕೆಲಸವನ್ನು ಅವು ಸೃಷ್ಟಿಸಲಾರವಷ್ಟೆ. ಈ ವಿಮೆಗೆ ನಿಜವಾದ ಪರೀಕ್ಷೆ ಬಂದುದು 1921ರಲ್ಲಿ. ಇಪ್ಪತ್ತು ಲಕ್ಷ ಜನ ಒಮ್ಮೆಗೇ ಕೆಲಸವಿಲ್ಲದೆ ನಿಂತಾಗ, ಕೆಲವು ವಾರಗಳ ಬಿಡುವಿಗಾಗಿ ಹೊಲಿದ ಅಂಗಿ ಹರಿದೇಹೋಯಿತು.

ಈಗ ರೌಂಟ್ರಿಯ ಪಟ್ಟಿಯನ್ನು ಬಿಚ್ಚೋಣ. ಯಾರ್ಕಿನ ಆ 7,230 ಮಂದಿಯ ಬಡತನಕ್ಕೆ ಅವನು ಕಂಡ ಕಾರಣಗಳಿವು. ಮುಪ್ಪು ಮತ್ತು ಕಾಯಿಲೆ, ಶೇಕಡ 5. ಕೆಲಸವಿಲ್ಲದಿರುವುದು ಅಥವಾ ಸರಿಯಾಗಿ ಸಿಕ್ಕದಿರುವುದು, ಎರಡೂ ಸೇರಿ ಮತ್ತೆ ಶೇಕಡ 5. ದುಡಿಯುವವನ ಮರಣ, ಶೇಕಡ 15ಕ್ಕೆ ಮೇಲೆ. ಮಕ್ಕಳ ಸಂಖ್ಯೆ, ಶೇಕಡ 22. ಉಳಿದ ಶೇಕಡ 52 ಜನರು, ಮನೆಯ ಯಜಮಾನ ತಪ್ಪದೆ ಕೆಲಸಕ್ಕೆ ಹೋಗುತ್ತಿದ್ದರೂ ಕೂಲಿ ಸಾಲದ ಮನೆಗಳವರು. ಇದು ಒಂದೇ ಪಟ್ಟಣದ ಲೆಕ್ಕ. ಹಡಗು ಕಟ್ಟುವ ಊರಿನಲ್ಲಿ ನಿರುದ್ಯೋಗದ ಭಾಗ ಹೆಚ್ಚಾಗಿರುತ್ತಿತ್ತೆಂಬುದನ್ನು ಒಪ್ಪುತ್ತೇವೆ. ಮುದುಕರನೇಕರು ಮಕ್ಕಳ ಮನೆಯಲ್ಲಿದ್ದು ಬೇರೆ ಬಾಬಿನಲ್ಲಿ ಸೇರಿಹೋಗಿರಲೂಬಹುದು. ಹಾಗಿದ್ದರೂ ಲಿಬರಲ್ ಸರ್ಕಾರದ ಹೆಸರಾದ ಶಾಸನಗಳೆಲ್ಲ ಮೊದಲ ಎರಡು ಬಾಬುಗಳ ಮೇಲೆಯೇ ಸುರಿದುವೆಂಬುದು ಸ್ಪಷ್ಟವಾಗಿದೆ. ದೊಡ್ಡ ಬಾಬಾದ ಕೂಲಿಯ ಹತ್ತಿರ ಹೋದ ಶಾಸನವೊಂದುಂಟು; ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯಲು ಮರೆಯುವುದೂ ಅದನ್ನೇ.

ಅದು 1909ರ ಟ್ರೇಡ್ ಬೋರ್ಡ್ ಶಾಸನ. ಬಟ್ಟೆ ಹೊಲಿಯುವುದು, ರಟ್ಟಿನ ಪೆಟ್ಟಿಗೆ ಮಾಡುವುದು, ಕಸೂತಿಪಟ್ಟಿಯ ಕೆಲಸ, ಸರಪಣಿ ಮಾಡುವುದು, ಈ ನಾಲ್ಕು ಕಸುಬುಗಳಲ್ಲಿ ಕನಿಷ್ಠ ಕೂಲಿಯನ್ನು ಗೊತ್ತುಮಾಡಲು ಮಂಡಲಿಗಳನ್ನು ಏರ್ಪಡಿಸಿತು. ಇದರ ವ್ಯಾಪ್ತಿಗೆ ಬಂದವರು ಎರಡು ಲಕ್ಷದಷ್ಟು ಜನ, ಬಹುಪಾಲು ಹೆಂಗಸರು. ಕ್ರೇಡ್ಲಿ ಹೀತ್ ಎಂಬ ಊರಿನಲ್ಲಿ ಮನೆಯ ಹಿಂದಿನ ಕುಲುಮೆಗಳಲ್ಲಿ ಕಬ್ಬಿಣ ಬಡಿದು ಸರಪಣಿಯ ಕೊಂಡಿಗಳನ್ನು ಮಾಡುತ್ತಿದ್ದ ಹೆಂಗಸರಿಗೆ ಗಂಟೆಗೆ ಎರಡೂವರೆ ಪೆನ್ನಿ ಕೂಲಿಯೆಂದು ಮಂಡಲಿ ತೀರ್ಮಾನಿಸಿತು. ಅದು ಹಳೆಯ ಕೂಲಿಯ ಎರಡರಷ್ಟು. ಯಜಮಾನರು, ಆ ಕೂಲಿ ನಮಗೆ ಸದ್ಯಕ್ಕೆ ಬೇಡವೆಂಬ ಕಾಗದಕ್ಕೆ ಓದುಬರಹವರಿಯದ ಹೆಂಗಸರ ಗುರುತು ಹಾಕಿಸಿಕೊಳ್ಳಲು ನೋಡಿದರು. ಮೇರಿ ಮೆಕಾರ್ಥರ್ ಎಂಬಾಕೆಯ ನಾಯಕತ್ವದಲ್ಲಿ ಅವರು 1910ರಲ್ಲಿ ಹತ್ತು ವಾರ ಸುತ್ತಿಗೆ ಕೆಳಗಿಟ್ಟು ಕುಳಿತರು, ಗೆದ್ದರು. ಶಾಸನ ಬರೆದುದು ವೆಸ್ಟ್‌ಮಿನ್‌ಸ್ಟರಿನಲ್ಲಿ. ಅದು ಫಲಿಸಿದ್ದು ಕ್ರೇಡ್ಲಿ ಹೀತಿನ ಬೀದಿಯಲ್ಲಿ.

ಆದುದರಿಂದ ಎಷ್ಟರಮಟ್ಟಿಗೆ ಫಲಿಸಿದವೆಂದು ನಮ್ಮನ್ನೇ ಯಾರಾದರೂ ಕೇಳಿದರೆ, ಬಡತನವನ್ನು ಸ್ವಲ್ಪವೇ ತಗ್ಗಿಸಿದವು, ಬಡವನ ಅವಮಾನವನ್ನು ಬಹಳ ತಗ್ಗಿಸಿದವು ಎಂದು ಹೇಳುತ್ತೇವೆ. ಎರಡನೆಯದು ಚಿಲ್ಲರೆ ಲಾಭವೆಂದು ಎಣಿಸುವವರು ಅಂಚೆಕಚೇರಿಗೆ ಹೂವು ತಂದ ಆ ಮುದುಕರನ್ನು ಕೇಳಬೇಕು. ರೌಂಟ್ರಿಯ ಪಟ್ಟಿಯ ಉಳಿದ ಬಾಬುಗಳು ಬಹಳ ಕಾಲ ಕಾದವು. ವಿಧವೆಯರ ವೇತನ ಬಂದುದು 1925ರ ಶಾಸನದಿಂದ. ಎರಡನೆಯ ಮಗುವಿನಿಂದ ಮುಂದಕ್ಕೆ ಮಕ್ಕಳ ಭತ್ಯ 1945ರ ಶಾಸನದಿಂದ. ದೇಶಕ್ಕೆಲ್ಲ ಒಂದು ಕನಿಷ್ಠ ಕೂಲಿ ಜಾರಿಗೆ ಬಂದುದು 1999ರಲ್ಲಿ, ಅಂದರೆ ರೌಂಟ್ರಿ ಯಾರ್ಕಿನ ಬಾಗಿಲುಗಳನ್ನು ತಟ್ಟಿದ ನೂರು ವರ್ಷಗಳ ಮೇಲೆ. ಹೆಂಡತಿಗೂ ಮಕ್ಕಳಿಗೂ ವೈದ್ಯನು ದೊರೆತುದು 1948ರ ಜುಲೈ 5ರಂದು. 1834ರ ಕಾನೂನಿನ ಕೊನೆಯ ಅವಶೇಷವನ್ನೂ ಅದೇ ವರ್ಷ ತೆಗೆದುಹಾಕಿದರು. ಹಳೆಯ ವರ್ಕ್‌ಹೌಸುಗಳ ಗೋಡೆಗೆ ಸುಣ್ಣ ಹೊಡೆದು, ಹೆಸರು ಬದಲಾಯಿಸಿ, ಅನೇಕವನ್ನು ಆಸ್ಪತ್ರೆಗಳನ್ನಾಗಿ ಮಾಡಿದರು. ಆ ಮೇಲೆಯೂ ಬಹಳ ವರ್ಷಗಳವರೆಗೆ, ಕಾಯಿಲೆ ಬಿದ್ದ ಮುದುಕರು ಎಲ್ಲಿಗಾದರೂ ಕರೆದೊಯ್ಯಿರಿ, ಆ ಕಟ್ಟಡಕ್ಕೆ ಮಾತ್ರ ಬೇಡವೆನ್ನುತ್ತಿದ್ದರು.